ನೋಟಿಸ್ ಬೋರ್ಡಿನ ಮುಂದೆ ನಿಂತವರ ಪ್ರಶ್ನೆಗಳು

ಅಪಾರ್ಟ್‌ಮೆಂಟ್, ಲೇಔಟ್ ಸಂಘಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳು ನಾವು ಎಣಿಸಿದ್ದಕ್ಕಿಂತ ಜಾಸ್ತಿ ಬಂದವು. ನಾನು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಆರು ವರ್ಷ ಖಜಾಂಚಿ ಆಗಿದ್ದವಳು. ಬರೆದ ನೋಟಿಸುಗಳಿಗೂ ಅದಕ್ಕೆ ಕೇಳಿಸಿಕೊಂಡ ಮಾತುಗಳಿಗೂ ಲೆಕ್ಕ ಇಲ್ಲ. ಗೊತ್ತಿರುವಷ್ಟನ್ನು ನೇರವಾಗಿ ಹೇಳುತ್ತೇನೆ. ಕೋರ್ಟಿನ ಮಟ್ಟಕ್ಕೆ ಹೋಗಿರುವ ವಿಷಯವಾದರೆ ದಯವಿಟ್ಟು ವಕೀಲರನ್ನೂ ಒಮ್ಮೆ ಕೇಳಿ.

ನಮ್ಮ ಮೇಂಟೆನೆನ್ಸ್ ಚದರಡಿಗೆ 3 ರೂಪಾಯಿ ಇತ್ತು. ಈ ತಿಂಗಳಿಂದ 4.25 ಆಗಿದೆ. ಲಿಫ್ಟಿನಲ್ಲಿ "ಖರ್ಚು ಹೆಚ್ಚಾಗಿರುವುದರಿಂದ" ಅಂತ ಒಂದೇ ಸಾಲಿನ ನೋಟಿಸ್. ಕೇಳಿದರೆ ಕಮಿಟಿ ತೀರ್ಮಾನ ಅಂತಾರೆ. ಇನ್ನೊಂದು ಕಡೆ ದೊಡ್ಡ ಮನೆಯವರು, ಚದರಡಿ ಲೆಕ್ಕವೇ ಬೇಡ, ಎಲ್ಲರೂ ಒಂದೇ ಮೊತ್ತ ಕೊಡೋಣ ಅಂತ ಗಲಾಟೆ ಎಬ್ಬಿಸಿದ್ದಾರೆ. ಏನು ಮಾಡೋದು?
— ಒಬ್ಬ ಓದುಗರು, ವಿದ್ಯಾರಣ್ಯಪುರ

1,200 ಚದರಡಿ ಮನೆಗೆ ಇದು ತಿಂಗಳಿಗೆ 1,500 ರೂಪಾಯಿ ಜಾಸ್ತಿ. ಒಂದು ಸಾಲಿನ ನೋಟಿಸಿಗೆ ಅಷ್ಟು ಹಣ ಕೇಳುವುದು ತಪ್ಪು. ಕೇಳುವ ಹಕ್ಕು ಸಂಘಕ್ಕೆ ಇರಬಹುದು, ಆದರೆ ಹಾಗೆ ಕೇಳಬಾರದು.

ಮೊದಲು ಬೈಲಾ, ಅಂದರೆ ಸಂಘದ ನಿಯಮಾವಳಿ, ತೆಗೆದು ಓದಿ. ಬಜೆಟ್ ಪಾಸ್ ಮಾಡುವುದು ಜನರಲ್ ಬಾಡಿಯಾ (ಎಲ್ಲ ಸದಸ್ಯರ ಸಭೆ), ಕಮಿಟಿಯೇ ಎಷ್ಟರವರೆಗೆ ಏರಿಸಬಹುದು ಅನ್ನೋದು ಅದರಲ್ಲಿ ಇರುತ್ತದೆ. ಪ್ರತಿ ಬೈಲಾ ಬೇರೆ ಬೇರೆ, ಅದಕ್ಕೆ ನಿಮ್ಮದನ್ನೇ ನೋಡಬೇಕು. ಜನರಲ್ ಬಾಡಿ ಒಪ್ಪಿಗೆ ಬೇಕು ಅಂತ ಇದ್ದರೆ, ನಾಲ್ಕು ಮನೆಯವರು ಸೇರಿ ಸಹಿ ಹಾಕಿ ಕಾರ್ಯದರ್ಶಿಗೆ ಪತ್ರ ಕೊಡಿ. ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಆಡಬೇಡಿ. ಅಲ್ಲಿ ಬರೆದದ್ದು ಸಂಜೆ ಹೊತ್ತಿಗೆ ನೂರು ಮೆಸೇಜಿನ ಕೆಳಗೆ ಹೋಗಿರುತ್ತದೆ.

ಎಲ್ಲರಿಗೂ ಒಂದೇ ಮೊತ್ತ ಅನ್ನುವುದರ ಬಗ್ಗೆ. ನಿಮ್ಮ ಕಟ್ಟಡ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಕೆಳಗೆ ಬಂದಿದ್ದರೆ, ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಘೋಷಣಾ ಪತ್ರ ನೋಂದಣಿ ಆಗಿದ್ದರೆ, ಉತ್ತರ ಕಾಯ್ದೆಯಲ್ಲೇ ಇದೆ. ಸಾಮಾನ್ಯ ಖರ್ಚನ್ನು, ಎಲ್ಲರಿಗೂ ಸೇರಿದ ಜಾಗದಲ್ಲಿ ಪ್ರತಿ ಮನೆಗೂ ಇರುವ ಅವಿಭಾಜ್ಯ ಪಾಲಿನ ಪ್ರಕಾರ ಹಂಚಬೇಕು. ದೊಡ್ಡ ಮನೆಗೆ ದೊಡ್ಡ ಪಾಲು, ದೊಡ್ಡ ಖರ್ಚು. ಸಂಘ 1960ರ ಸೊಸೈಟಿ ಕಾಯ್ದೆಯಲ್ಲಿ ನೋಂದಣಿ ಆಗಿದ್ದರೆ ಬೈಲಾ ಏನು ಹೇಳುತ್ತದೆ ಅಂತ ನೋಡಬೇಕು. ನಿಮ್ಮ ಸಂಘ ಯಾವ ಕಾಯ್ದೆಯಲ್ಲಿದೆ ಅಂತ ನಿಮಗೆ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ, ಕೇಳಿ. ನಮ್ಮಲ್ಲಿ ಕಮಿಟಿಯವರಿಗೇ ಗೊತ್ತಿರಲಿಲ್ಲ.

ನನ್ನ ಅನುಭವ ಒಂದು ಹೇಳುತ್ತೇನೆ. ಮೊದಲ ವರ್ಷ ನಾನೂ ಹೀಗೇ ಒಂದು ಸಾಲಿನ ನೋಟಿಸ್ ಹಾಕಿದ್ದೆ. ಯಾರೂ ಹಣ ಕಟ್ಟಲಿಲ್ಲ, ಸಿಕ್ಕಿದಲ್ಲೆಲ್ಲ ನಿಲ್ಲಿಸಿ ಕೇಳಿದರು. ಆಮೇಲೆ ಒಂದು ಹಾಳೆಯಲ್ಲಿ ಬರೆದೆ: ನಿಮ್ಮ 100 ರೂಪಾಯಿಯಲ್ಲಿ ಸೆಕ್ಯೂರಿಟಿಗೆ ಎಷ್ಟು, ಹೌಸ್‌ಕೀಪಿಂಗಿಗೆ ಎಷ್ಟು, ಕರೆಂಟಿಗೆ, ಡೀಸೆಲಿಗೆ, ಟ್ಯಾಂಕರಿಗೆ, ಲಿಫ್ಟಿನ ವಾರ್ಷಿಕ ಕರಾರಿಗೆ ಎಷ್ಟು. ಪಕ್ಕದಲ್ಲಿ ಹಿಂದಿನ ವರ್ಷದ ಅಂಕಿ. ಆ ಹಾಳೆಯನ್ನು ಜನ ಲಿಫ್ಟಿನೊಳಗೆ ನಿಂತು ಓದುತ್ತಿದ್ದರು, ತಮ್ಮ ಮಹಡಿ ಬಂದರೂ ಇಳಿಯದೆ ಓದಿದವರನ್ನು ನೋಡಿದ್ದೇನೆ. ಎರಡು ವಾರದಲ್ಲಿ ಹೆಚ್ಚಿನವರು ಕಟ್ಟಿದರು. ಟ್ಯಾಂಕರಿನ ಸಾಲು ನೋಡಿ ಇಬ್ಬರು ತಾವೇ ಬಂದು, ಮಳೆನೀರಿನ ಕೆಲಸ ನಾವು ನೋಡಿಕೊಳ್ಳುತ್ತೇವೆ ಅಂದರು. ಆ ಒಂದು ಹಾಳೆಯನ್ನು ನಿಮ್ಮ ಕಮಿಟಿಯಿಂದ ಕೇಳಿ ಪಡೆಯಿರಿ.

ನಾವು ಇರುವುದು ದುಬೈನಲ್ಲಿ. ಬೆಂಗಳೂರಿನ ಮನೆಗೆ ಮೂರು ವರ್ಷದಿಂದ ಬೀಗ. ನೀರು ಬಳಸಿಲ್ಲ, ಲಿಫ್ಟ್ ಹತ್ತಿಲ್ಲ. ಆದರೂ ಪೂರ್ತಿ ಮೇಂಟೆನೆನ್ಸ್ ಕೇಳುತ್ತಾರೆ.

ಕಟ್ಟಬೇಕು. ಸಾಮಾನ್ಯ ಸೌಲಭ್ಯ ಬಳಸುವುದಿಲ್ಲ ಅಥವಾ ಮನೆ ಬಿಟ್ಟು ಹೋಗಿದ್ದೇನೆ ಅನ್ನುವ ಕಾರಣಕ್ಕೆ ಯಾರೂ ಪಾಲು ಕೊಡದೆ ತಪ್ಪಿಸಿಕೊಳ್ಳುವಂತಿಲ್ಲ, 1972ರ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಬಾಕಿ ಉಳಿದರೆ ಅದು ಮನೆಯ ಮೇಲೇ ಹೊರೆಯಾಗಿ ಕೂರುತ್ತದೆ, ಮಾರುವಾಗ ಮುಂದೆ ಬರುತ್ತದೆ. ನೀವು ಇಲ್ಲದಾಗಲೂ ನಿಮ್ಮ ಬಾಗಿಲಿನ ಮುಂದಿನ ದೀಪ ಉರಿದಿದೆ, ಸೆಕ್ಯೂರಿಟಿಯವರು ರಾತ್ರಿ ಎದ್ದಿದ್ದಾರೆ. ಮೀಟರ್ ಇದ್ದು ನೀರಿನ ಬಿಲ್ ಬೇರೆ ಬರುವ ಕಟ್ಟಡವಾದರೆ ಅಷ್ಟು ಭಾಗ ಉಳಿಯುತ್ತದೆ.

ಕಮಿಟಿಯವರಿಗೂ ಇಲ್ಲೇ ಒಂದು ಮಾತು. ಬಾಕಿ ಇದೆ ಅಂತ ಮನೆಯ ನೀರು, ಕರೆಂಟ್ ಕಿತ್ತುಹಾಕಬೇಡಿ. ಒಳಗೆ ವಯಸ್ಸಾದವರು, ಮಕ್ಕಳು ಇರುತ್ತಾರೆ. ಬರವಣಿಗೆಯಲ್ಲಿ ನೋಟಿಸ್ ಕೊಡಿ, ಬಡ್ಡಿ ಬೈಲಾದಲ್ಲಿದ್ದರೆ ಹಾಕಿ, ಕಾನೂನಿನ ದಾರಿಯಲ್ಲಿ ವಸೂಲಿ ಮಾಡಿ.

ನಮ್ಮ ಮೇಂಟೆನೆನ್ಸ್ 7,800 ರೂಪಾಯಿ. ಜಿಎಸ್‌ಟಿ ಇಡೀ ಮೊತ್ತಕ್ಕಾ, 7,500ರ ಮೇಲಿನ 300ಕ್ಕೆ ಮಾತ್ರನಾ?

ಎರಡು ಷರತ್ತು ಒಟ್ಟಿಗೆ ಇದ್ದರೆ ಮಾತ್ರ ಜಿಎಸ್‌ಟಿ: ಒಬ್ಬ ಸದಸ್ಯರಿಂದ ತಿಂಗಳಿಗೆ 7,500 ರೂಪಾಯಿಗಿಂತ ಜಾಸ್ತಿ, ಮತ್ತು ಸಂಘದ ವರ್ಷದ ವಹಿವಾಟು 20 ಲಕ್ಷ ದಾಟಿರಬೇಕು. ದರ ಶೇಕಡ 18. ಇಲಾಖೆಯ 2019ರ ಸುತ್ತೋಲೆ ಪ್ರಕಾರ 7,500 ದಾಟಿದರೆ ಪೂರ್ತಿ ಮೊತ್ತಕ್ಕೆ ತೆರಿಗೆ, ಅಂದರೆ ನಿಮಗೆ 1,404 ರೂಪಾಯಿ. 2021ರಲ್ಲಿ ಮದ್ರಾಸ್ ಹೈಕೋರ್ಟ್, ಮೇಲಿನ ಭಾಗಕ್ಕೆ ಮಾತ್ರ ಸಾಕು ಅಂದಿತು. ಆ ಲೆಕ್ಕದಲ್ಲಿ 54 ರೂಪಾಯಿ. ವ್ಯತ್ಯಾಸ ಇಷ್ಟು ದೊಡ್ಡದಿರುವಾಗ ಕಮಿಟಿ ತಾನೇ ತೀರ್ಮಾನ ಮಾಡಬಾರದು, ಆಡಿಟರ್ ಹತ್ತಿರ ಬರೆಸಿಕೊಳ್ಳಬೇಕು.

ನಮ್ಮ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಕಟ್ಟಿಕೊಂಡಿದೆ. ಏಜೆನ್ಸಿಯವರು ಬರೋಕೆ ನಾಲ್ಕು ದಿನ ಆಗುತ್ತದಂತೆ. ಅಷ್ಟರಲ್ಲಿ ನಮ್ಮ ಹೌಸ್‌ಕೀಪಿಂಗ್ ಹುಡುಗನನ್ನೇ ಇಳಿಸಿ ಕೆಸರು ತೆಗೆಸೋಣ, ಅವನೂ ಒಪ್ಪಿದ್ದಾನೆ, ಸಾವಿರ ರೂಪಾಯಿ ಕೊಟ್ಟರೆ ಆಯಿತು ಅಂತ ಕಮಿಟಿಯಲ್ಲಿ ಮಾತಾಗುತ್ತಿದೆ. ನನಗೆ ಯಾಕೋ ಭಯ. ನಾನು ಹೇಳಿದರೆ ಸುಮ್ನೆ ಹೆದರಿಸಬೇಡಿ ಅಂತಾರೆ.
— ಕಮಿಟಿ ಸದಸ್ಯೆ, ಹೆಸರು ಬೇಡ

ಈ ಪತ್ರ ಓದಿದ ದಿನವೇ ಇವರಿಗೆ ಫೋನ್ ಮಾಡಿದೆವು. ಇಳಿಸಲಿಲ್ಲ ಅಂತ ಗೊತ್ತಾದ ಮೇಲೆ ಸಮಾಧಾನ ಆಯಿತು. ಆದರೆ ಉತ್ತರ ಎಲ್ಲರಿಗೂ ಬೇಕು, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಇಳಿಸಬೇಡಿ. ಅವನು ಒಪ್ಪಿದರೂ, ಅವನೇ ಮುಂದೆ ಬಂದು ಕೇಳಿದರೂ ಇಳಿಸಬೇಡಿ.

ಮುಚ್ಚಿದ ಗುಂಡಿಯಲ್ಲಿ ಕೊಳಕು ಕೊಳೆತು ಹೈಡ್ರೋಜನ್ ಸಲ್ಫೈಡ್ ಅನ್ನುವ ಗಾಳಿ ತುಂಬಿರುತ್ತದೆ. ಇದು ನಾವು ಉಸಿರಾಡುವ ಗಾಳಿಗಿಂತ ಭಾರ, ಅದಕ್ಕೇ ತಳದಲ್ಲಿ ಕೂತಿರುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಜಾಸ್ತಿ ಆದರೆ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ. ಮೇಲಿನಿಂದ ಬಗ್ಗಿ ನೋಡಿ "ಏನೂ ವಾಸನೆ ಇಲ್ಲ, ಇಳಿ" ಅನ್ನುತ್ತಾರಲ್ಲ, ಅಪಾಯ ಅಲ್ಲೇ ಇದೆ. ಇಳಿದವನು ಎರಡು ಉಸಿರಿಗೆ ಕುಸಿಯಬಹುದು. ಅವನನ್ನು ಎತ್ತಲು ಇನ್ನೊಬ್ಬ ಹಾರುತ್ತಾನೆ, ಅವನನ್ನು ಎತ್ತಲು ಮತ್ತೊಬ್ಬ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಹೋದ ಸುದ್ದಿ ನೀವೂ ಓದಿರುತ್ತೀರಿ, ಕಾರಣ ಇದೇ.

ಹಳೇ ಬಾವಿಗೆ ಮಾಡುವ ಹಾಗೆ ದೀಪ ಇಳಿಸಿ ನೋಡುತ್ತೇವೆ ಅಂತ ಕೆಲವರು ಹೇಳುತ್ತಾರೆ. ಎಸ್‌ಟಿಪಿಯಲ್ಲಿ ಅದು ಇನ್ನೂ ಅಪಾಯ, ಯಾಕೆಂದರೆ ಅಲ್ಲಿ ಮೀಥೇನ್ ಕೂಡ ಇರುತ್ತದೆ, ಬೆಂಕಿ ತಗುಲಿದರೆ ಸ್ಫೋಟ ಆಗಬಹುದು.

ಇನ್ನು ಕಾನೂನು. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ, ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ಜನರನ್ನು ಇಳಿಸುವುದನ್ನು ನಿಷೇಧಿಸುತ್ತದೆ. ಮೊದಲ ಸಲ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಸಂಘಗಳಿಗೆ ಇದು ಅನ್ವಯಿಸುವುದಿಲ್ಲ ಅಂದುಕೊಳ್ಳಬೇಡಿ, ಪೊಲೀಸರು ಕೇಸ್ ಹಾಕುವಾಗ ಅಧ್ಯಕ್ಷರು, ಕಾರ್ಯದರ್ಶಿಗಳ ಹೆಸರು ಹುಡುಕುತ್ತಾರೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ನಾನು ಈ ಅಂಕಿಗಳನ್ನು ಹೇಳುವುದು ಹಣದ ಕಾರಣಕ್ಕಲ್ಲ. ಸಾವಿರ ರೂಪಾಯಿಯ ಕೆಲಸ ಅಂತ ಮೀಟಿಂಗಿನಲ್ಲಿ ಹಗುರವಾಗಿ ಮಾತಾಡುವವರಿಗೆ ಕೆಲವೊಮ್ಮೆ ಇದೇ ಭಾಷೆ ಅರ್ಥ ಆಗುತ್ತದೆ, ಅಷ್ಟೇ. ಆ ಹುಡುಗ ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದಿರುತ್ತಾನೆ, ತಿಂಗಳ ಕೊನೆಗೆ ಮನೆಗೆ ದುಡ್ಡು ಕಳಿಸಬೇಕು, ಸಾಹೇಬರು ಹೇಳಿದ್ದಕ್ಕೆ ಇಲ್ಲ ಅನ್ನುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ಅವನು ಒಪ್ಪಿದ್ದಾನೆ ಅನ್ನುವ ಮಾತನ್ನು ಆ ಮೀಟಿಂಗಿನಲ್ಲಿ ಯಾರೂ ಆಡಬಾರದಿತ್ತು.

ಮಾಡಬೇಕಾದದ್ದು: ಸಕ್ಕಿಂಗ್ ಯಂತ್ರದ ಲಾರಿ ಕರೆಸಿ, ಕೆಸರನ್ನು ಪೈಪಿನಿಂದಲೇ ಎಳೆಸಿ. ಅದು ಬರುವ ತನಕ ನಿವಾಸಿಗಳಿಗೆ ನೋಟಿಸ್ ಹಾಕಿ ನೀರು ಕಮ್ಮಿ ಬಳಸಲು ಹೇಳಿ, ಕಾರಣವನ್ನೂ ಬರೆಯಿರಿ. ಕಾರಣ ಗೊತ್ತಾದರೆ ಜನ ನಾಲ್ಕು ದಿನ ವಾಷಿಂಗ್ ಮೆಷಿನ್ ನಿಲ್ಲಿಸುತ್ತಾರೆ. ಗುಂಡಿಯ ಮುಚ್ಚಳಕ್ಕೆ ಬೀಗ ಹಾಕಿ, ಬೀಗದ ಕೈ ಒಬ್ಬರ ಹತ್ತಿರ ಮಾತ್ರ ಇರಲಿ. "ಒಳಗೆ ಯಾರೂ ಇಳಿಯುವಂತಿಲ್ಲ" ಅಂತ ಕನ್ನಡದಲ್ಲಿ, ಹಿಂದಿಯಲ್ಲಿ, ನಿಮ್ಮ ಕೆಲಸದವರು ಓದುವ ಭಾಷೆಯಲ್ಲಿ ಬೋರ್ಡ್ ಹಾಕಿ. ಕುಡಿಯುವ ನೀರಿನ ಸಂಪಿನ ವಿಷಯದಲ್ಲೂ ಹುಷಾರು, ಬಹಳ ದಿನ ಮುಚ್ಚಿದ್ದರೆ ಅಥವಾ ಒಳಗೆ ಹೊಸದಾಗಿ ಬಣ್ಣ ಬಳಿದಿದ್ದರೆ ಅಲ್ಲೂ ಉಸಿರಾಡುವ ಗಾಳಿ ಇರುವುದಿಲ್ಲ.

ಕಾರು ತೊಳೆಯಬಾರದು, ನಲ್ಲಿಗೆ ಏರೇಟರ್ (ನೀರು ಕಮ್ಮಿ ಬರುವಂತೆ ಮಾಡುವ ಜಾಲರಿ) ಹಾಕಿ ಅಂತ ಪ್ರತಿ ಬೇಸಿಗೆ ನೋಟಿಸ್ ಬರುತ್ತದೆ. ಮಳೆ ಬಂದ ಮೇಲೆ ಎಲ್ಲರೂ ಮರೆಯುತ್ತಾರೆ. ಇದರಿಂದ ಏನಾದರೂ ಉಪಯೋಗ ಇದೆಯಾ?
— ಓದುಗರು, ವೈಟ್‌ಫೀಲ್ಡ್

ಇದೆ. 2024ರ ಬೇಸಿಗೆ ನಿಮ್ಮ ಕಡೆಯವರಿಗೆ ನೆನಪಿರಲೇಬೇಕು. ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕಾದು ಕೂತ ದಿನಗಳು. ಆ ಮಾರ್ಚ್‌ನಲ್ಲಿ ಜಲಮಂಡಳಿ, ಕುಡಿಯುವ ನೀರಲ್ಲಿ ವಾಹನ ತೊಳೆದರೆ, ಗಿಡಗಳಿಗೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು, ಮತ್ತೆ ಮಾಡಿದರೆ ದಿನಕ್ಕೆ 500 ರೂಪಾಯಿ ಜಾಸ್ತಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು, ನಗರಕ್ಕೆ ಸೇರಿದ 110 ಹಳ್ಳಿಗಳ ಭಾಗಕ್ಕೆ ದಿನಕ್ಕೆ 775 ದಶಲಕ್ಷ ಲೀಟರ್ ಅಂತ ಯೋಜನೆ. ಆದರೂ ನಿಮ್ಮ ತಾರಸಿಯ ಮೇಲೆ ಬೀಳುವ ನೀರನ್ನು ಮೋರಿಗೆ ಬಿಡುವುದು ನನಗೆ ಸಹಿಸುವುದಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ತಾರಸಿ 10,000 ಚದರಡಿ ಅಂದುಕೊಳ್ಳಿ, ಅದು ಸುಮಾರು 929 ಚದರ ಮೀಟರ್. ಸಂಜೆ ಒಂದು ಒಳ್ಳೆ ಮಳೆ, 25 ಮಿಲಿಮೀಟರ್, ಬಂದರೆ 23,000 ಲೀಟರ್. ಮೊದಲ ಕೊಳೆ ನೀರು, ಸೋರಿಕೆ ಎಲ್ಲ ಕಳೆದು 18,000 ಸಿಕ್ಕರೂ 6,000 ಲೀಟರಿನ ಮೂರು ಟ್ಯಾಂಕರ್! ಒಂದು ಸಂಜೆಗೆ. ದೊಡ್ಡ ಕಟ್ಟಡಗಳಿಗೆ ಮಳೆನೀರು ಕೊಯ್ಲು ಕಡ್ಡಾಯ ಆಗಿ ಬಹಳ ವರ್ಷ ಆಯಿತು, ನಿಮ್ಮಲ್ಲೂ ಪೈಪ್ ಇರಬಹುದು. ಮೇ ತಿಂಗಳ ಮೊದಲ ವಾರದಲ್ಲಿ ಯಾರಾದರೂ ತಾರಸಿಗೆ ಹತ್ತಿ, ಪೈಪಿನ ಬಾಯಲ್ಲಿ ಎಲೆ ಕಟ್ಟಿದೆಯಾ, ಫಿಲ್ಟರಿನ ಜಲ್ಲಿ ತೊಳೆದಿದೆಯಾ ನೋಡಬೇಕು. ನಮ್ಮಲ್ಲಿ ಒಂದು ಪೈಪಿನ ಬಾಯಿಗೆ ಯಾರೋ ಹಳೇ ಬಟ್ಟೆ ತುರುಕಿದ್ದರು, ಎರಡು ಮಳೆಗಾಲ ಯಾರಿಗೂ ಗೊತ್ತಾಗಲಿಲ್ಲ.

"ಇನ್ನು ಮುಂದೆ ನಾಯಿಗಳನ್ನು ಲಿಫ್ಟಿನಲ್ಲಿ ಕರೆದೊಯ್ಯುವಂತಿಲ್ಲ" ಅಂತ ನೋಟಿಸ್ ಹಾಕಿದ್ದಾರೆ. ನಾವು ಏಳನೇ ಮಹಡಿ. ನಮ್ಮ ನಾಯಿಗೆ ಹನ್ನೊಂದು ವರ್ಷ, ಮೆಟ್ಟಿಲು ಇಳಿಯಲು ಆಗಲ್ಲ.

ಹನ್ನೊಂದು ವರ್ಷದ ನಾಯಿಯನ್ನು ಏಳು ಮಹಡಿ ಇಳಿಸಿ ಹತ್ತಿಸುವುದು ಅಂದರೆ ಅದಕ್ಕೆ ಹಿಂಸೆಯೇ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಲ್ಲಿ ಇದಕ್ಕೆ ಉತ್ತರ ಇದೆ: ಸಾಕುಪ್ರಾಣಿ ಇಡಬಾರದು ಅಂತ ಸಂಘ ನಿಷೇಧ ಮಾಡುವಂತಿಲ್ಲ, ಬಹುಮತ ಇದ್ದರೂ ಸರಿ. ಲಿಫ್ಟಿನಿಂದ ದೂರ ಇಡುವುದೂ ಸರಿಯಲ್ಲ. ಎರಡು ಲಿಫ್ಟ್ ಇದ್ದರೆ ಒಂದನ್ನು ಬಳಸಿ ಅಂತ ಕೇಳಬಹುದು. ಮಾರ್ಗಸೂಚಿಯ ಪ್ರತಿ ಇಟ್ಟು ಒಂದು ಪತ್ರ ಕೊಡಿ.

ಆದರೆ ನೋಟಿಸ್ ಸುಮ್ನೆ ಬರಲಿಲ್ಲ, ಅಲ್ವಾ? ಯಾರೋ ಹೆದರಿದ್ದಾರೆ, ಇಲ್ಲವೇ ಲಿಫ್ಟಿನಲ್ಲಿ ಗಲೀಜಾಗಿದೆ. ಹಗ್ಗ ಗಿಡ್ಡ ಹಿಡಿಯಿರಿ, ಮಗು ಒಳಗಿದ್ದರೆ ಮುಂದಿನ ಲಿಫ್ಟಿಗೆ ಕಾಯಿರಿ, ಗಲೀಜು ಆದರೆ ನೀವೇ ತೆಗೆಯಿರಿ, ರೇಬೀಸ್ ಲಸಿಕೆಯ ಕಾರ್ಡಿನ ನಕಲು ಕಚೇರಿಗೆ ಕೊಡಿ. ಬೀದಿ ನಾಯಿಗಳಿಗೆ ಊಟ ಹಾಕುವ ಬಗ್ಗೆಯೂ ಮೂರು ಪತ್ರ ಬಂದಿವೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಊಟದ ಜಾಗ ಗೊತ್ತುಮಾಡುವುದು ಸಂಘದ ಜವಾಬ್ದಾರಿ. ಮಕ್ಕಳು ಆಡುವ ಜಾಗ, ಗೇಟು, ಮೆಟ್ಟಿಲುಗಳಿಂದ ಅದು ದೂರ ಇರಬೇಕು. ಯಾರಿಗಾದರೂ ನಾಯಿ ಕಚ್ಚಿದರೆ, ಸಾಕಿದ್ದೋ ಬೀದಿಯದೋ ಅಂತ ವಾದ ಮಾಡುತ್ತಾ ನಿಲ್ಲಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಿ.

ಮನೆ ಕೈಗೆ ಬಂದು ಮೂರು ವರ್ಷ. ಬೇಸ್‌ಮೆಂಟ್ ಗೋಡೆಯಿಂದ ನೀರು ಸೋರಿ ಕಾರುಗಳ ಮೇಲೆ ಸುಣ್ಣದ ಕಲೆ. ಬಿಲ್ಡರ್, ಈಗ ನಿಮ್ಮ ಸಂಘ ಇದೆಯಲ್ಲ, ನೀವೇ ಮಾಡಿಸಿಕೊಳ್ಳಿ ಅಂತಾರೆ.

ಸಂಘ ಆದ ಮಾತ್ರಕ್ಕೆ ಬಿಲ್ಡರ್ ಜವಾಬ್ದಾರಿ ಮುಗಿಯುವುದಿಲ್ಲ. ನಿಮ್ಮದು ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಆದ ಯೋಜನೆ ಅಂದುಕೊಂಡು ಹೇಳುತ್ತೇನೆ. 2016ರ ಕಾಯ್ದೆಯ 14ನೇ ಕಲಂ ಪ್ರಕಾರ, ಮನೆ ಒಪ್ಪಿಸಿದ ಐದು ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಲ್ಲಿ ಸರಿಮಾಡಬೇಕು. ನಿಮಗೆ ಇನ್ನೂ ಎರಡು ವರ್ಷ ಇದೆ, ಆದರೆ ಇವತ್ತೇ ಬರೆಯಿರಿ. ದಿನಾಂಕ ಕಾಣುವ ಫೋಟೋ, ಯಾವ ಕಂಬದ ಪಕ್ಕ, ಯಾವ ಮಳೆಯ ನಂತರ ಅಂತ ಪಟ್ಟಿ, ರಿಜಿಸ್ಟರ್ಡ್ ಪೋಸ್ಟ್. ಗೋಡೆಗೆ ಬಣ್ಣ ಬಳಿದು ಮುಚ್ಚಲು ಮಾತ್ರ ಬಿಡಬೇಡಿ. ಸರಿಮಾಡದಿದ್ದರೆ ಸಂಘದ ಹೆಸರಲ್ಲೇ ರೇರಾಗೆ ದೂರು ಕೊಡಬಹುದು.

ನಾವು ಬಾಡಿಗೆಯವರು. ಮೀಟಿಂಗಿಗೆ ಬರಬೇಡಿ ಅಂದರು.

ಓಟು ಮಾಲೀಕರದು, ಅದು ನಿಜ. ಮಾಲೀಕರಿಂದ ಅಧಿಕಾರ ಪತ್ರ ತಂದರೆ ಕೂರಿಸಿಕೊಳ್ಳುವ ಬೈಲಾಗಳೂ ಇವೆ, ಕೇಳಿ ನೋಡಿ. ಆದರೆ ಆ ನೀರು ಕುಡಿಯುವವರು, ಆ ಲಿಫ್ಟ್ ಹತ್ತುವವರು ನೀವು. ನಿಮ್ಮ ಮಾತು ಕೇಳದ ಕಮಿಟಿಗೆ ಅರ್ಧ ಕಟ್ಟಡದ ಸುದ್ದಿ ಗೊತ್ತೇ ಆಗುವುದಿಲ್ಲ.

ನಮ್ಮದು ಮೈಸೂರಿನ ಹಳೇ ಬಡಾವಣೆ. ಅಪಾರ್ಟ್‌ಮೆಂಟ್ ಅಲ್ಲ, ಬೀದಿಯ ಕ್ಷೇಮಾಭಿವೃದ್ಧಿ ಸಂಘ. ಫೆಬ್ರವರಿ ಬಂತೆಂದರೆ ಹೊಂಗೆ ಎಲೆ ಉದುರಿ ರಾಶಿ ಬೀಳುತ್ತದೆ. ಬೆಳಿಗ್ಗೆ ಗುಡಿಸಿ ಬೆಂಕಿ ಹಚ್ಚುತ್ತಾರೆ. ನನ್ನ ಹೆಂಡತಿಗೆ ಉಬ್ಬಸ. ಹೇಳಿದರೆ, ಹಿಂದಿನಿಂದಲೂ ಹೀಗೇ ಅಂತಾರೆ.
— ನಿವೃತ್ತ ಶಿಕ್ಷಕರು

ಸರ್, ನಿಮ್ಮ ಪತ್ರ ಓದಿ ಬೇಜಾರಾಯಿತು. ಬಯಲಲ್ಲಿ ಕಸ ಸುಡುವುದನ್ನು 2016ರ ಡಿಸೆಂಬರ್‌ನಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿಷೇಧಿಸಿದೆ, 5,000 ರೂಪಾಯಿ ದಂಡ, ರಾಶಿಗಟ್ಟಲೆ ಸುಟ್ಟರೆ 25,000. ಇದನ್ನು ಸಂಘದ ನೋಟಿಸಿನಲ್ಲಿ ಬರೆಸಿ. ಆದರೆ ದಂಡದ ಸಾಲು ಕೆಳಗೆ ಇರಲಿ. ಮೇಲೆ, ನಮ್ಮ ಬೀದಿಯಲ್ಲಿ ಉಬ್ಬಸ ಇರುವವರು ಇದ್ದಾರೆ, ಹೊಗೆ ಬಂದ ದಿನ ಅವರು ಕಿಟಕಿ ತೆಗೆಯುವುದಿಲ್ಲ ಅಂತ ಬರೆಯಿರಿ. ಹೆಸರು ಬೇಡ, ಜನರಿಗೆ ಗೊತ್ತಾಗುತ್ತದೆ.

ಮತ್ತೆ ಗುಡಿಸುವವರಿಗೆ ಎಲೆ ಹಾಕಲು ಜಾಗ ಕೊಡಬೇಕು, ಇಲ್ಲದಿದ್ದರೆ ಅವರಾದರೂ ಏನು ಮಾಡುತ್ತಾರೆ? ಪಾರ್ಕಿನ ಮೂಲೆಯಲ್ಲಿ ಕಬ್ಬಿಣದ ಜಾಲರಿ ಸುತ್ತಿ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಒಂದು ಪಂಜರ ಮಾಡಿಸಿ. ಎಲೆ ತುಂಬಿ ತುಳಿಯಿರಿ, ಮಧ್ಯೆ ಮಧ್ಯೆ ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ. ಒಣಗಲು ಬಿಡಬೇಡಿ, ಹಿಂಡಿದರೆ ಕೈ ಒದ್ದೆ ಆಗುವಷ್ಟು ಪಸೆ ಇರಲಿ. ಹದಿನೈದು ದಿನಕ್ಕೊಮ್ಮೆ ಕೋಲಿನಿಂದ ಮಗುಚಿ. ಸ್ವಲ್ಪ ದಿನದಲ್ಲಿ ರಾಶಿ ಇಳಿದಂತೆ ಕಾಣುತ್ತದೆ, ಮತ್ತೆ ಎಲೆ ಹಾಕಬಹುದು. ಫೆಬ್ರವರಿಯಲ್ಲಿ ತುಂಬಿದ್ದು ಮಳೆಗಾಲ ಮುಗಿಯುವ ಹೊತ್ತಿಗೆ ಕಪ್ಪು ಪುಡಿಯಾಗಿರುತ್ತದೆ. ಮೊದಲ ಬುಟ್ಟಿಯನ್ನು ಬೆಂಕಿ ಹಚ್ಚುತ್ತಿದ್ದವರ ಮನೆಯ ದಾಸವಾಳಕ್ಕೇ ಕೊಡಿ. ನಿಮ್ಮ ಹೆಂಡತಿ ಹೇಗಿದ್ದಾರೆ ಅಂತ ಒಂದು ಕಾರ್ಡ್ ಬರೆಯಿರಿ.